ಭಾನುವಾರ ಬೆಳಿಗ್ಗೆ, ಚಿಕ್ಕ ಗಡಿಯಾರದ ಹತ್ತಿರ: ನಮ್ಮ ಫೋಟೋ ವಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೆ ಎರಡು ಭಾನುವಾರ ನಾವೊಂದಿಷ್ಟು ಜನ ಕ್ಯಾಮೆರಾ ತಗಲಿಸಿಕೊಂಡು ಮೈಸೂರು ಸುತ್ತುತ್ತೇವೆ. ಒಂದು ಭಾನುವಾರ ಊರೊಳಗೆ, ಇನ್ನೊಂದು ಭಾನುವಾರ ಕೆರೆ, ಬೆಟ್ಟ ಇಲ್ಲವೇ ಅಕ್ಕಪಕ್ಕದ ಊರು. ಇದರ ಉಸ್ತುವಾರಿ ನನ್ನ ತಲೆಗೆ ಬಂದಿರುವುದರಿಂದ ಪ್ರಶ್ನೆಗಳೂ ನನಗೇ ಬರುತ್ತವೆ. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ತಿಂಡಿ ಟೇಬಲ್ ಮುಂದೆ, ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿನಲ್ಲೂ ಕೇಳಿದ್ದಾರೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಬರುವ ಮುಂಚೆ

ನನ್ನ ಹತ್ರ ಕ್ಯಾಮೆರಾನೇ ಇಲ್ಲ, ಬರೀ ಮೊಬೈಲ್ ಇದೆ. ಬರಬಹುದಾ?

ಧಾರಾಳವಾಗಿ ಬನ್ನಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಮೊಬೈಲಿನವರೇ. ಮೂರು ಅಭ್ಯಾಸ ಮಾಡಿಕೊಂಡರೆ ಸಾಕು. ಮೊದಲು ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಮೊಬೈಲಿನ ಗಾಜಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ, ಅದರಿಂದ ದೀಪಗಳೆಲ್ಲ ಗೆರೆ ಎಳೆದ ಹಾಗೆ ಬರುತ್ತವೆ. ಎರಡನೆಯದು, ಎರಡು ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಮೂರನೆಯದು, ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ನಿಲ್ಲುತ್ತವೆ. ಆಮೇಲೆ ಬೆರಳನ್ನು ಕೆಳಕ್ಕೆ ಎಳೆದು ಬೆಳಕು ಕಮ್ಮಿ ಮಾಡಿಕೊಳ್ಳಬಹುದು. ಈ ಕೊನೆಯದನ್ನು ಐದು ವರ್ಷದಿಂದ ಮೊಬೈಲ್ ಹಿಡಿದವರಿಗೂ ನಾವೇ ತೋರಿಸಿಕೊಟ್ಟಿದ್ದೇವೆ.

ಯಾವ ಕ್ಯಾಮೆರಾ ತಗೊಳ್ಳಲಿ ಸಾರ್? ಐವತ್ತು ಸಾವಿರದ ಒಳಗೆ ಹೇಳಿ.

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು, ಮತ್ತು ನಾನು ಉತ್ತರ ಕೊಡದ ಪ್ರಶ್ನೆಯೂ ಇದೇ. ಮೂರು ವಾಕ್ ಬನ್ನಿ, ಆಮೇಲೆ ತಗೊಳ್ಳಿ. ಬಂದವರಲ್ಲಿ ಬೇರೆ ಬೇರೆ ಕಂಪನಿಯ ಕ್ಯಾಮೆರಾ ಇರುತ್ತವೆ. ಕೇಳಿದರೆ ಕೈಗೆ ಕೊಡುತ್ತಾರೆ. ಯಾವುದು ನಿಮ್ಮ ಕೈಗೆ ಕೂರುತ್ತದೆ, ಯಾವುದರ ಭಾರಕ್ಕೆ ಎರಡು ಗಂಟೆಯಲ್ಲಿ ಕತ್ತು ನೋಯುತ್ತದೆ ಅನ್ನುವುದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ಒಂದು ಮಾತು ಮಾತ್ರ ಹೇಳಬಲ್ಲೆ. ಇರುವ ದುಡ್ಡನ್ನೆಲ್ಲ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮೇಲೆ ಸುರಿಯಬೇಡಿ. ಸೆಕೆಂಡ್ ಹ್ಯಾಂಡ್ ಬಾಡಿ, ಜೊತೆಗೆ ಒಂದು ಒಳ್ಳೆಯ 35 ಅಥವಾ 50 ಎಂಎಂ ಲೆನ್ಸ್ ಇದ್ದರೆ ಊರೊಳಗಿನ ನಡಿಗೆಗೆ ಬೇರೇನೂ ಬೇಡ. ಹಕ್ಕಿ ಹುಚ್ಚು ಹಿಡಿದರೆ ಖರ್ಚಿನ ಕಥೆ ಬೇರೆ. ಅದನ್ನು ಮನೆಯವರ ಹತ್ತಿರ ಮಾತಾಡಿಕೊಳ್ಳಿ.

ಎಷ್ಟು ಹೊತ್ತಿಗೆ ಸೇರೋದು? ಫೀಸ್ ಎಷ್ಟು?

ಫೀಸ್ ಇಲ್ಲ. ತಿಂಡಿ ದುಡ್ಡು, ಪ್ರವೇಶದ ಟಿಕೆಟ್ ಅವರವರದು. ಸೇರುವ ಹೊತ್ತು ಸೂರ್ಯನ ಲೆಕ್ಕದ ಮೇಲೆ. ಮೇ ಕೊನೆಯಲ್ಲಿ ಮೈಸೂರಿನಲ್ಲಿ 6 ಗಂಟೆಗೆ ಮುಂಚೆಯೇ ಸೂರ್ಯ ಬಂದಿರುತ್ತಾನೆ, ಜನವರಿಯಲ್ಲಿ 6.45 ದಾಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ 5.45, ಚಳಿಗಾಲದಲ್ಲಿ 6.30. ಊರೊಳಗಿನ ವಾಕ್ ಆದರೆ ದೇವರಾಜ ಮಾರ್ಕೆಟ್ ಪಕ್ಕದ ಚಿಕ್ಕ ಗಡಿಯಾರದ ಕೆಳಗೆ. ದೊಡ್ಡ ಗಡಿಯಾರ ಅಲ್ಲ! ಅದು ಅರಮನೆ ಕಡೆಗಿದೆ, 1927ರದ್ದು. ಚಿಕ್ಕದು 1886ರದ್ದು. ಪ್ರತಿ ತಿಂಗಳೂ ಒಬ್ಬರಾದರೂ ದೊಡ್ಡ ಗಡಿಯಾರದ ಕೆಳಗೆ ನಿಂತು "ಯಾರೂ ಬಂದಿಲ್ಲವಲ್ಲ" ಎಂದು ಫೋನ್ ಮಾಡುತ್ತಾರೆ.

ಹತ್ತು ನಿಮಿಷ ಕಾಯುತ್ತೇವೆ. ಬೆಳಕು ಕಾಯುವುದಿಲ್ಲ.

ಮಗಳು ಕಾಲೇಜಿಗೆ ಹೋಗ್ತಾಳೆ. ಅವಳೊಬ್ಬಳನ್ನೇ ಕಳಿಸಬಹುದಾ?

ಮೊದಲನೇ ಸಲ ನೀವೂ ಜೊತೆಗೆ ಬನ್ನಿ. ಸುಮ್ನೆ ನಿಂತು ನೋಡಿ, ಕಾಫಿ ಕುಡಿದು ಹೋಗಿ. ಎಂಥ ಜನ ಅಂತ ನಿಮಗೇ ತಿಳಿಯುತ್ತದೆ. ನಮ್ಮ ಕಡೆಯಿಂದ ಕೆಲವು ಕಟ್ಟುಪಾಡು ಇವೆ. ಯಾರನ್ನೂ ಗುಂಪಿನಿಂದ ಒಬ್ಬಂಟಿಯಾಗಿ ಬಿಡುವುದಿಲ್ಲ, ಇಬ್ಬಿಬ್ಬರ ಜೋಡಿ ಮಾಡುತ್ತೇವೆ. ಹೆಣ್ಣುಮಕ್ಕಳ ನಂಬರನ್ನು ಅವರು ಕೊಡದೆ ಯಾರೂ ತೆಗೆದುಕೊಳ್ಳುವ ಹಾಗಿಲ್ಲ. ಜೊತೆಯಲ್ಲಿ ನಡೆಯುವವರ ಫೋಟೋವನ್ನು ಕೇಳದೆ ತೆಗೆದರೆ ಅವತ್ತೇ ಅವರ ಕೊನೆ ವಾಕ್. ಹೀಗೆ ಒಬ್ಬರನ್ನು ವಾಪಸ್ ಕಳಿಸಿದ್ದೂ ಇದೆ. ಅವರ ಹತ್ತಿರ ಇದ್ದದ್ದು ನಮ್ಮೆಲ್ಲರಿಗಿಂತ ದುಬಾರಿ ಕ್ಯಾಮೆರಾ.

ನನಗೆ ಅರವತ್ತೆಂಟು. ನಿಮ್ಮ ಜೊತೆ ನಡೆಯೋಕಾಗುತ್ತಾ?

ನಮ್ಮದು ವಾಕಿಂಗ್ ಅಲ್ಲ ರೀ, ನಿಲ್ಲುವುದೇ ಜಾಸ್ತಿ. ಎರಡು ಗಂಟೆಯಲ್ಲಿ ಒಂದೂವರೆ ಕಿಲೋಮೀಟರ್ ದಾಟಿದರೆ ಅದೇ ಹೆಚ್ಚು. ಚಾಮುಂಡಿ ಬೆಟ್ಟದ ದಿನ ಮಾತ್ರ ಯೋಚಿಸಿ. ಮೆಟ್ಟಿಲು ಸಾವಿರದಷ್ಟಿವೆ. ಮಂಡಿ ನೋವಿರುವವರು ಬಸ್ಸಿನಲ್ಲಿ ಮೇಲೆ ಹೋಗಿ, ಅಲ್ಲಿಂದ ನಿಧಾನವಾಗಿ ಇಳಿದು ನಂದಿಯ ಹತ್ತಿರ ನಮ್ಮನ್ನು ಸೇರಿಕೊಳ್ಳುತ್ತಾರೆ.

ಏನೇನು ತರಬೇಕು?

ಚಾರ್ಜ್ ಆದ ಬ್ಯಾಟರಿ, ನೀರು, ಟೋಪಿ, ಹಳೇ ಚಪ್ಪಲಿ ಅಥವಾ ಜಾರದ ಶೂ. ಮಾರ್ಕೆಟ್ಟಿನ ನೆಲ ಯಾವಾಗಲೂ ಒದ್ದೆ. ದೊಡ್ಡ ಬೆನ್ನುಚೀಲ ಬೇಡ; ಓಣಿಯಲ್ಲಿ ತಿರುಗಿದಾಗ ಅದು ಯಾರದೋ ನಿಂಬೆಹಣ್ಣಿನ ಗುಡ್ಡೆ ಕೆಡವುತ್ತದೆ. ಆಮೇಲೆ ನಾವೆಲ್ಲ ಬಗ್ಗಿ ನಿಂಬೆಹಣ್ಣು ಆರಿಸಬೇಕು.

ಮೆಮೊರಿ ಕಾರ್ಡ್ ಕ್ಯಾಮೆರಾದೊಳಗೇ ಇದೆಯಾ ಅಂತ ಮನೆ ಬಿಡುವ ಮುಂಚೆ ನೋಡಿ. ನಗಬೇಡಿ. ಒಂದು ಡಿಸೆಂಬರ್‌ನಲ್ಲಿ ನಾನೇ ನಡುಗುತ್ತ ಬೆಟ್ಟ ಹತ್ತಿ, ಊರಿನ ಮೇಲೆ ಮಂಜು ಹಾಸಿದ್ದನ್ನು ನೋಡಿ, ಬಾಗಿಲು ತೆಗೆದರೆ ಕಾರ್ಡ್ ಜಾಗ ಖಾಲಿ. ಅದು ಮನೆಯ ಲ್ಯಾಪ್‌ಟಾಪಿನಲ್ಲೇ ಕೂತಿತ್ತು. ಅವತ್ತು ಉಳಿದವರಿಗೆ ಕಡ್ಲೆಪುರಿ ಹಂಚಿಕೊಂಡು ಕೂತಿದ್ದೆ.

## ದಾರಿಯಲ್ಲಿ

ಗೊತ್ತಿಲ್ಲದವರ ಫೋಟೋ ತೆಗೆಯೋಕೆ ಮುಜುಗರ ಆಗುತ್ತೆ. ನೀವು ಹೇಗೆ ಕೇಳ್ತೀರಿ?

ಮುಜುಗರ ಆಗಬೇಕು. ಆಗದಿದ್ದವರನ್ನು ಕಂಡರೆ ನನಗೆ ಭಯ.

ಕ್ಯಾಮೆರಾ ಚೀಲದೊಳಗಿರಲಿ. ಮೊದಲು ಏನಾದರೂ ಕೊಳ್ಳಿ, ಇಲ್ಲವೇ ಬೆಲೆ ಕೇಳಿ. ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊದಲ ಸಲ ನಾನು ಎರಡು ಮೊಳ ಮಲ್ಲಿಗೆ ತೆಗೆದುಕೊಂಡೆ. ಅವರು ತಮ್ಮ ಮೊಳದಲ್ಲಿ ಅಳೆದರು, ನಾನು "ನಿಮ್ ಕೈ ಚಿಕ್ಕದು ಅಜ್ಜಿ, ನನ್ ಕೈಯಲ್ಲಿ ಅಳೀರಿ" ಅಂದೆ. "ದುಡ್ಡೂ ನಿನ್ ಕೈ ಅಳತೇಲಿ ಕೊಡ್ತೀಯಾ?" ಅಂದರು. ಪಕ್ಕದಂಗಡಿಯವರೂ ನಕ್ಕರು. ಆಮೇಲೆ ಕೇಳಿದೆ: "ಒಂದ್ ಫೋಟೋ ತೆಗೀಲಾ?" ಅವರು ಸೆರಗು ಸರಿ ಮಾಡಿಕೊಂಡು, "ತಕ್ಕೋ, ಏನ್ ಮಾಡ್ತೀಯೋ ಈ ಮುದುಕೀದು" ಅಂದರು. ಆ ನಗು ಇನ್ನೂ ಮುಖದಲ್ಲಿ ಇದ್ದಾಗಲೇ ಕ್ಲಿಕ್ ಮಾಡಿದೆ.

ಎಲ್ಲರೂ ಒಪ್ಪುವುದಿಲ್ಲ. ಕೈ ಅಡ್ಡ ಹಿಡಿದರೆ, ಮುಖ ತಿರುಗಿಸಿದರೆ "ಸರಿ ಬಿಡಿ ಅಣ್ಣ" ಅಂದು ಮುಂದೆ ಹೋಗಿ. ಎರಡನೇ ಸಲ ಕೇಳಬೇಡಿ. ದೂರದಿಂದ ಜೂಮ್ ಲೆನ್ಸ್ ಹಾಕಿ ಕದಿಯುವುದು ನಮ್ಮ ವಾಕ್‌ನಲ್ಲಿ ನಡೆಯುವುದಿಲ್ಲ. ರಸ್ತೆಯಲ್ಲಿ ಎಲ್ಲರಿಗೂ ಕಾಣುವುದನ್ನು ತೆಗೆಯಲು ಕಾನೂನು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ, ನಿಜ. ಆದರೆ ನಾವು ಮುಂದಿನ ತಿಂಗಳೂ ಅದೇ ಓಣಿಗೆ ಹೋಗಬೇಕಲ್ಲ.

ಕೇಳಿಬಿಟ್ಟರೆ ಎಲ್ಲರೂ ಪೋಸ್ ಕೊಡ್ತಾರೆ. ಸಹಜವಾಗಿ ಬರೋದೇ ಇಲ್ವಲ್ಲ?

ಆ ಪೋಸನ್ನು ತೆಗೆದುಬಿಡಿ. ಅದು ಅವರ ಫೋಟೋ. ತೋರಿಸಿ, "ಚೆನ್ನಾಗ್ ಬಂದಿದೆ" ಅನ್ನಿ. ಆಮೇಲೆ ಅಲ್ಲೇ ನಿಲ್ಲಿ. ಐದು ನಿಮಿಷಕ್ಕೆ ಗಿರಾಕಿ ಬರುತ್ತಾರೆ, ಚೌಕಾಸಿ ಶುರುವಾಗುತ್ತದೆ, ನೀವು ಇರುವುದೇ ಮರೆತುಹೋಗುತ್ತದೆ. ನಿಮ್ಮ ಫೋಟೋ ಸಿಗುವುದು ಆಗ.

ದುಡ್ಡು ಕೇಳಿದರೆ ಕೊಡಬೇಕಾ?

ನಾವು ಕೊಡುವುದಿಲ್ಲ. ಅಂಗಡಿಯವರ ಹತ್ತಿರ ಸಾಮಾನು ಕೊಳ್ಳುತ್ತೇವೆ, ಮುಂದಿನ ಸಲ ಪ್ರಿಂಟ್ ತಂದು ಕೊಡುತ್ತೇವೆ. ಭಿಕ್ಷೆ ಬೇಡುವವರ, ಕುಡಿದು ಮಲಗಿದವರ ಫೋಟೋ ತೆಗೆಯುವುದೇ ಇಲ್ಲ. ಇದರ ಮೇಲೆ ನಮ್ಮೊಳಗೇ ಎರಡು ಸಲ ದೊಡ್ಡ ಜಗಳ ಆಗಿದೆ. "ವಾಸ್ತವ ತೋರಿಸಬೇಡವಾ" ಅಂತ ಒಬ್ಬರು ಕೇಳಿದರು. ಪತ್ರಿಕೆಗೆ ಕೆಲಸ ಮಾಡುವವರು ತೋರಿಸಲಿ. ಭಾನುವಾರ ದೋಸೆ ತಿನ್ನುವ ಮುಂಚೆ ತೆಗೆಯುವ ಫೋಟೋ ಅದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಕ್ಕಳು ತಾವಾಗೇ ಬಂದು ಫೋಟೋ ತೆಗೀರಿ ಅಂತಾರೆ. ಆಗ?

ಅಪ್ಪ ಅಮ್ಮ ಕಾಣುವಷ್ಟು ದೂರದಲ್ಲಿದ್ದರೆ ಅವರ ಕಡೆ ನೋಡಿ, ತಲೆಯಾಡಿಸಿದರೆ ತೆಗೆಯಿರಿ. ದೊಡ್ಡವರು ಯಾರೂ ಇಲ್ಲದಿದ್ದರೆ ಬೇಡ. ತೆಗೆದದ್ದನ್ನು ಊರು, ಶಾಲೆ ಹೆಸರು ಹಾಕಿ ಎಲ್ಲೂ ಹಂಚಬೇಡಿ.

ಎಲ್ಲೆಲ್ಲಿ ಕ್ಯಾಮೆರಾ ಎತ್ತಬಾರದು? ಪೊಲೀಸಿನವರು ತಡೆದರೆ ಏನ್ ಮಾಡೋದು?

ದೇವಸ್ಥಾನದ ಗರ್ಭಗುಡಿ, ಅಣೆಕಟ್ಟಿನ ಮೇಲ್ಭಾಗ, ಮಿಲಿಟರಿಗೆ ಸೇರಿದ ಜಾಗ, ಆಸ್ಪತ್ರೆಯ ವಾರ್ಡು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ, ಅಂದರೆ ಸೋಮನಾಥಪುರದ ಕೇಶವ ದೇವಸ್ಥಾನದಂಥ ಕಡೆ, ಕೈಯಲ್ಲಿ ಹಿಡಿದು ತೆಗೆಯಬಹುದು. ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ನಿಲ್ಲಿಸಬೇಕಾದರೆ ಮೊದಲೇ ಅನುಮತಿ ಬೇಕು. ಗೇಟಿನ ಹತ್ತಿರ ಬೋರ್ಡ್ ಇರುತ್ತದೆ, ಓದಿ ಒಳಗೆ ಹೋಗಿ.

ಯಾರಾದರೂ ತಡೆದರೆ ವಾದಕ್ಕೆ ನಿಲ್ಲಬೇಡಿ. ಕ್ಯಾಮೆರಾ ಇಳಿಸಿ, ನಮಸ್ಕಾರ ಹೇಳಿ, ನನ್ನನ್ನು ಕರೆಯಿರಿ. ಹೆಚ್ಚಿನ ಸಲ ಅವರಿಗೆ ಬೇಕಾಗಿರುವುದು "ಯಾವ ಚಾನೆಲ್ಲು?" ಅನ್ನುವುದಕ್ಕೆ ಉತ್ತರ ಅಷ್ಟೇ. ಚಾನೆಲ್ ಅಲ್ಲ ಅಂತ ಗೊತ್ತಾದ ಮೇಲೆ ಒಬ್ಬ ಸಿಬ್ಬಂದಿ ತಮ್ಮ ಟೋಪಿ ಸರಿ ಮಾಡಿಕೊಂಡು ನಿಂತು ಫೋಟೋ ತೆಗೆಸಿಕೊಂಡಿದ್ದರು.

ಡ್ರೋನ್ ತರಬಹುದಾ?

ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು, ಹಳದಿ, ಕೆಂಪು ವಲಯಗಳಿವೆ. 250 ಗ್ರಾಂ ಒಳಗಿನ ಚಿಕ್ಕ ಡ್ರೋನಿಗೆ ಕೆಲವು ರಿಯಾಯಿತಿ ಇದ್ದರೂ ಕೆಂಪು ವಲಯ ಎಲ್ಲಕ್ಕೂ ಕೆಂಪೇ. ಅದೂ ಅಲ್ಲದೆ ಆ ಗುಂಯ್ ಶಬ್ದಕ್ಕೆ ಕೆರೆಯ ಹಕ್ಕಿಗಳೆಲ್ಲ ಎದ್ದು ಹೋಗುತ್ತವೆ.

## ಜಾಗ, ಕಾಲ, ಬೆಳಕು

ಮಾರ್ಕೆಟ್ ಒಳಗೆ ಎಷ್ಟು ತೆಗೆದರೂ ಬಣ್ಣ ಕೆಟ್ಟು ಬರುತ್ತೆ. ಯಾಕೆ?

ತಲೆ ಎತ್ತಿ ನೋಡಿ. ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಅದರ ಮೂಲಕ ಇಳಿದ ಬೆಳಕಿನಲ್ಲಿ ಮಲ್ಲಿಗೆ ನೀಲಿ, ಮನುಷ್ಯರ ಮುಖ ಮೂರು ದಿನ ಜ್ವರ ಬಂದವರ ಹಾಗೆ. ಪಕ್ಕದ ಅಂಗಡಿಯಲ್ಲಿ ಹಳದಿ ಟಾರ್ಪಾಲು, ಅಲ್ಲಿ ಎಲ್ಲರಿಗೂ ಅರಿಶಿನ ಹಚ್ಚಿದ ಹಾಗೆ. ಇದು ನಿಮ್ಮ ಕ್ಯಾಮೆರಾ ದೋಷ ಅಲ್ಲ. ಎರಡು ಟಾರ್ಪಾಲಿನ ಸಂದಿಯಲ್ಲಿ ಬಿಸಿಲು ಕೋಲಿನ ಹಾಗೆ ಇಳಿಯುವ ಜಾಗ ಹುಡುಕಿ. ಎಂಟರಿಂದ ಒಂಬತ್ತೂವರೆಯವರೆಗೆ ಆ ಕೋಲು ನಿಧಾನವಾಗಿ ಓಣಿಯುದ್ದಕ್ಕೂ ಸರಿಯುತ್ತದೆ. ಒಂದು ಕಡೆ ನಿಂತು ಅದರೊಳಗೆ ಯಾರು ಬರುತ್ತಾರೆ ಅಂತ ಕಾಯಿರಿ. ತಲೆ ಮೇಲೆ ಬಾಳೆಗೊನೆ ಹೊತ್ತವರೊಬ್ಬರು ಬಂದೇ ಬರುತ್ತಾರೆ.

ಕುಂಕುಮದ ರಾಶಿಯ ವಿಷಯ ಬೇರೆ. ಕಡು ಕೆಂಪು, ಗುಲಾಬಿ ಬಣ್ಣಗಳನ್ನು ಕ್ಯಾಮೆರಾ ತಡೆದುಕೊಳ್ಳುವುದಿಲ್ಲ. ಪುಡಿಯ ಕಣಕಣ ಕಾಣುವ ಬದಲು ಒಂದೇ ಕೆಂಪು ಮುದ್ದೆಯಾಗಿ ಬರುತ್ತದೆ. ಎಕ್ಸ್‌ಪೋಷರನ್ನು ಅಂದರೆ ಒಳಗೆ ಬೀಳುವ ಬೆಳಕನ್ನು, ಮೈನಸ್ ಅರ್ಧದಿಂದ ಒಂದರವರೆಗೆ ಇಳಿಸಿ. ರಾ ಫೈಲ್ (ಕ್ಯಾಮೆರಾ ತಾನಾಗಿ ಹದ ಮಾಡದ ಮೂಲ ಫೈಲ್) ತೆಗೆಯುವವರಿಗೆ ಆಮೇಲೆ ಸರಿಪಡಿಸುವ ಅವಕಾಶ ಜಾಸ್ತಿ. ಆ ಗೋಪುರದಂಥ ರಾಶಿಗಳ ಫೋಟೋ ಈಗಾಗಲೇ ಎಷ್ಟೋ ಸಾವಿರ ಇವೆ. ಅದನ್ನು ಅಷ್ಟು ನುಣ್ಣಗೆ ಕಟ್ಟುವ ಕೈ ತೆಗೆದವರು ಕಮ್ಮಿ.

ಅರಮನೆ ದೀಪದ ಫೋಟೋದಲ್ಲಿ ಆಕಾಶ ಯಾವಾಗಲೂ ಕಪ್ಪಗೇ ಬರುತ್ತೆ. ನೀಲಿ ಬರೋದು ಹೇಗೆ?

ಇದಕ್ಕೆ ಉತ್ತರ ಕ್ಯಾಮೆರಾದಲ್ಲಿ ಇಲ್ಲ, ಕ್ಯಾಲೆಂಡರಿನಲ್ಲಿ ಇದೆ. ಭಾನುವಾರ ಮತ್ತು ಸರ್ಕಾರಿ ರಜಾ ದಿನ ಅರಮನೆಯ ಲಕ್ಷದ ಹತ್ತಿರ ಬಲ್ಬುಗಳು ಹೊತ್ತುವುದು ಸಂಜೆ 7ಕ್ಕೆ. ನವೆಂಬರಿನಲ್ಲಿ ಸೂರ್ಯ 6ಕ್ಕೆ ಮುಂಚೆಯೇ ಮುಳುಗಿರುತ್ತಾನೆ. ದೀಪ ಬರುವ ಹೊತ್ತಿಗೆ ಆಕಾಶ ಕಾಡಿಗೆ. ಜೂನ್, ಜುಲೈಯಲ್ಲಿ ಮುಳುಗುವುದೇ 6.50ರ ಆಸುಪಾಸು. ಆಗ 7 ಗಂಟೆಗೆ ಆಕಾಶದಲ್ಲಿ ಇನ್ನೂ ಒಳ್ಳೆಯ ನೀಲಿ ಉಳಿದಿರುತ್ತದೆ. ಸಿಗುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ಹಾಗಾಗಿ ನಮ್ಮ ಅರಮನೆ ವಾಕ್ ದಸರಾಗೆ ಅಲ್ಲ, ಜೂನಿನಲ್ಲಿ. ಮೋಡ ಇದ್ದರೆ? ಮೋಡವೂ ನೀಲಿಯಾಗುತ್ತದೆ. ಮಳೆ ನಿಂತ ಮೇಲೆ ಕಲ್ಲು ಹಾಸಿನ ಮೇಲೆ ನೀರಿದ್ದರಂತೂ ಅರಮನೆ ಎರಡೆರಡು ಕಾಣುತ್ತದೆ.

ಟ್ರೈಪಾಡ್ ಬಿಡುವುದು ಬಿಡದಿರುವುದು ಅವತ್ತಿನ ಭದ್ರತೆಯವರ ಕೈಯಲ್ಲಿದೆ. ಬಿಡದಿದ್ದರೆ ಕಟ್ಟೆಯ ಮೇಲೆ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ. ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8, ಶಟರ್ ಒಂದರಿಂದ ಎರಡು ಸೆಕೆಂಡು, ಟೈಮರ್ ಎರಡು ಸೆಕೆಂಡಿಗೆ. ಅಲ್ಲಿಂದ ಶುರು ಮಾಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಮೊಬೈಲಿನವರು ಬೆಳಕು ಇಳಿಸಿ ತೆಗೆಯಿರಿ, ಇಲ್ಲದಿದ್ದರೆ ಬಲ್ಬುಗಳೆಲ್ಲ ಕರಗಿ ಬಿಳಿ ಗೆರೆಯಾಗುತ್ತವೆ.

ದಸರಾ ಮೆರವಣಿಗೆಗೆ ಜಾಗ ಹಿಡಿದು ಕೊಡ್ತೀರಾ?

ಇಲ್ಲ. ಜಂಬೂ ಸವಾರಿಯ ದಿನ ನಾನು ಟಿವಿಯಲ್ಲಿ ನೋಡುತ್ತೇನೆ. ಅಷ್ಟು ನೂಕುನುಗ್ಗಲಲ್ಲಿ ಗುಂಪು ಕಟ್ಟಿಕೊಂಡು ಹೋಗುವುದು ನನ್ನಿಂದಾಗದು.

ನಮ್ಮ ದಸರಾ ಅದಕ್ಕೆ ವಾರಗಟ್ಟಲೆ ಮುಂಚೆಯೇ. ಆನೆಗಳು ಕಾಡಿನಿಂದ ಬಂದ ಮೇಲೆ ದಿನಾ ತಾಲೀಮು ಇರುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ನಡೆಸುತ್ತಾರೆ. ಮೊದಮೊದಲು ಬರಿ ಮೈ, ಆಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. ಚಿನ್ನದ ಅಂಬಾರಿ 750 ಕೆಜಿ, ಅಷ್ಟು ಭಾರಕ್ಕೆ ಬೆನ್ನು ಪಳಗಬೇಕಲ್ಲ. ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹಾಲಿನ ಗಾಡಿ, ಪೇಪರ್ ಹಾಕುವ ಹುಡುಗರು, ನಡುವೆ ಸಾಲಾಗಿ ಆನೆಗಳು. ಒಬ್ಬ ಅಮ್ಮ ಮನೆ ಮುಂದೆ ರಂಗೋಲಿ ಬಿಡುತ್ತಿದ್ದವರು ತಲೆ ಎತ್ತಿ ನೋಡಿ, ಮತ್ತೆ ಚುಕ್ಕಿ ಇಡುವುದಕ್ಕೆ ಶುರು ಮಾಡಿದರು. ಇಷ್ಟು ವರ್ಷದ ದಸರಾದಲ್ಲಿ ನನಗೆ ಸಿಕ್ಕ ಒಳ್ಳೆಯ ಫೋಟೋ ಅದೊಂದೇ.

ಫ್ಲಾಶ್ ಖಂಡಿತ ಬೇಡ. ಮಾವುತರು ಹೇಳಿದಷ್ಟು ದೂರ ನಿಲ್ಲಿ, ಆನೆ ಹಿಂದೆ ಓಡಬೇಡಿ.

ಹಕ್ಕಿ ಫೋಟೋಗೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ಯಾವಾಗ?

ಹತ್ತಿರ ಅಂದರೆ ಕುಕ್ಕರಹಳ್ಳಿ ಕೆರೆ. ಏರಿಯ ಮೇಲೆ ವಾಕಿಂಗ್ ಬಂದವರ ಮಧ್ಯೆಯೇ ಹೆಜ್ಜಾರ್ಲೆ (ಪೆಲಿಕನ್), ಮಿಂಚುಳ್ಳಿ ಸಿಗುತ್ತವೆ. ಅಭ್ಯಾಸಕ್ಕೆ ಅದೇ ಸಾಕು.

ರಂಗನತಿಟ್ಟಿಗೆ ಚಳಿಗಾಲ ಮುಗಿಯುವ ಹೊತ್ತಿಗೆ ಹೋಗುತ್ತೇವೆ, ಗೂಡು ಕಟ್ಟುವ ಕಾಲ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಕೇಳಿಕೊಳ್ಳಬೇಕು. ದೋಣಿಯಲ್ಲಿ ಟ್ರೈಪಾಡ್‌ನಿಂದ ಪ್ರಯೋಜನವಿಲ್ಲ, ದೋಣಿಯೇ ಅಲ್ಲಾಡುತ್ತಿರುತ್ತದೆ. ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಮಾಡಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಕೊಟ್ಟಿಗೆ, ಬಟ್ಟೆ ಒಣಗಿಸುವ ಹಗ್ಗ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅನ್ನುತ್ತಾರೆ ಊರಿನವರು. ಹಕ್ಕಿಯನ್ನಷ್ಟೇ ಕತ್ತರಿಸಿ ತೆಗೆಯುವವರನ್ನು ಅಲ್ಲಿ ನಾನು ಬೈಯುತ್ತೇನೆ. ಮನೆ, ಹಗ್ಗ, ಹಕ್ಕಿ ಎಲ್ಲ ಒಂದೇ ಚೌಕಟ್ಟಿಗೆ ಬರುವ ಊರು ಇನ್ನೆಲ್ಲಿ ಸಿಗುತ್ತದೆ?

ಗೂಡಿನ ಹತ್ತಿರ ಹೋಗುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಕಲ್ಲೆಸೆದು ಹಾರಿಸುವುದು ಇವು ಯಾವುದೂ ನಡೆಯುವುದಿಲ್ಲ. ಗೂಡು, ಮೊಟ್ಟೆಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಕಾಯ್ದೆಯ ಕೆಳಗೂ ತಪ್ಪು.

ಮಳೆ ಬಂದರೆ ಕ್ಯಾನ್ಸಲ್ಲಾ?

ತುಂತುರು ಆದರೆ ಇಲ್ಲ. ಕ್ಯಾಮೆರಾಗೆ ಹಾಲಿನ ಕವರ್ ಸಾಲದು, ಲಾಡ್ಜಿನಲ್ಲಿ ಕೊಡುವ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಸರಿಯಾಗಿ ಕೂರುತ್ತದೆ. ಮನೆಗೆ ಹೋದ ಮೇಲೆ ಮಾಡುವುದು ಮುಖ್ಯ. ಒದ್ದೆ ಕ್ಯಾಮೆರಾವನ್ನು ಚೀಲದೊಳಗೇ ಬಿಟ್ಟರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯ ಹಾಗೆ. ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚರ್ಮದ ಕೇಸಿನಲ್ಲಿ ಇಡಬೇಡಿ. ಮಡಿಕೇರಿ, ಸಕಲೇಶಪುರ ಕಡೆಯಿಂದ ಬರುವವರಿಗೆ ಇದು ಹೇಳಬೇಕಾಗಿಲ್ಲ, ಅವರೇ ನಮಗೆ ಕಲಿಸಿದ್ದು.

## ತೆಗೆದ ಮೇಲೆ

ತಿಂಗಳ ಕೊನೆಗೆ ಕೂತು ಫೋಟೋ ನೋಡ್ತೀರಂತಲ್ಲ. ಬೈತೀರಾ?

ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಒಬ್ಬರಿಗೆ ಮೂರೇ ಫೋಟೋ. ಇನ್ನೂರರಲ್ಲಿ ಮೂರು ಆರಿಸುವುದೇ ಅರ್ಧ ಪಾಠ. "ಸೂಪರ್", "ಸಖತ್" ಅನ್ನುವ ಹಾಗಿಲ್ಲ. ಏನು ಕಾಣುತ್ತಿದೆ ಅಂತ ಮಾತ್ರ ಹೇಳಬೇಕು. ತೆಗೆದವರು ಕೊನೆಯವರೆಗೆ ಬಾಯಿ ಬಿಡಬಾರದು. ಇದೇ ಎಲ್ಲರಿಗೂ ಕಷ್ಟ.

ನಾನೊಮ್ಮೆ ಸಯ್ಯಾಜಿರಾವ್ ರಸ್ತೆಯ ಹಸುವಿನ ಫೋಟೋ ತಂದಿದ್ದೆ. ಸಂಜೆ ಬಿಸಿಲು ಕೊಂಬಿನ ಮೇಲೆ, ಬಹಳ ಹೆಮ್ಮೆ ನನಗೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಹಸುವಿನ ತಲೆ ಮೇಲೆ ಲೈಟ್ ಕಂಬ ಬೆಳೆದಿದೆ ಅಂಕಲ್" ಅಂದಳು. ಆಮೇಲೆ ನನಗೂ ಕಂಬ ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಕ್ಲಿಕ್ ಮಾಡುವ ಮುಂಚೆ ಹಿಂದೆ ಏನಿದೆ ಅಂತ ಒಂದು ಸಲ ಕಣ್ಣು ಓಡಿಸುತ್ತೇನೆ.

ನನ್ನ ಫೋಟೋನ ಯಾರೋ ಪೋಸ್ಟರ್‌ಗೆ ಹಾಕ್ಕೊಂಡಿದ್ದಾರೆ. ಕೇಳಬಹುದಾ?

ಕೇಳಲೇಬೇಕು. 1957ರ ಕಾಪಿರೈಟ್ ಕಾಯ್ದೆಯಂತೆ ಫೋಟೋದ ಮೊದಲ ಒಡೆತನ ತೆಗೆದವರದು. ದುಡ್ಡು ಕೊಟ್ಟು ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ತೆಗೆಸಿದವರದು. ಈ ಹಕ್ಕು ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂತು ಅಂದಮಾತ್ರಕ್ಕೆ ಅದು ಊರಿನ ಬಾವಿ ನೀರಲ್ಲ.

ನಮ್ಮವರೊಬ್ಬರ ಬೆಟ್ಟದ ಫೋಟೋ ಹೀಗೇ ಒಂದು ಕಾರ್ಯಕ್ರಮದ ಫ್ಲೆಕ್ಸಿನಲ್ಲಿ ಕಾಣಿಸಿಕೊಂಡಿತ್ತು. ಮೂಲ ಫೈಲ್ ಇಟ್ಟುಕೊಂಡಿದ್ದರು, ತೋರಿಸಿ ಮಾತಾಡಿದರು. ಸ್ವಲ್ಪ ದುಡ್ಡೂ ಬಂತು, ಹೆಸರೂ ಹಾಕಿದರು. ಹೆಸರನ್ನು ತಪ್ಪಾಗಿ ಬರೆದಿದ್ದರು, ಅದು ಬೇರೆ ಮಾತು. ಮೂಲ ಫೈಲನ್ನು ಎರಡು ಕಡೆ ಕಾಪಿ ಮಾಡಿಡಿ. ಬಳಗದಲ್ಲಿ ಹಂಚಿದ ಫೋಟೋವನ್ನು ನಾವು ನಿಮ್ಮನ್ನು ಕೇಳದೆ ಎಲ್ಲೂ ಬಳಸುವುದಿಲ್ಲ.

## ಸ್ವಲ್ಪ ಪಳಗಿದವರಿಗೆ

ಸಲಾನ್‌ಗೆ ಕಳಿಸಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಸಲಾನ್ ಅಂದರೆ ಫೋಟೋ ಸ್ಪರ್ಧೆ, ಪ್ರದರ್ಶನ. ಸ್ಪರ್ಧೆಯ ದಾರಿ ನಮ್ಮ ಬಳಗದ್ದಲ್ಲ, ಆದರೆ ಒಳ್ಳೆಯ ದಾರಿ. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ. ಅಂಥ ಕಡೆ ಸೇರಿದರೆ ನಿಯಮ, ವಿಭಾಗ, ಎಎಫ್‌ಐಎಪಿಯಂಥ ಅಂತರರಾಷ್ಟ್ರೀಯ ಫೋಟೋಗ್ರಫಿ ಪದವಿಗಳ ಮೆಟ್ಟಿಲು ಎಲ್ಲ ತಿಳಿಯುತ್ತದೆ. ಒಂದು ಎಚ್ಚರಿಕೆ: ನೇಚರ್ ವಿಭಾಗದಲ್ಲಿ ಇಲ್ಲದ್ದನ್ನು ಸೇರಿಸುವುದು, ಬದಲಿಸುವುದು ನಿಷಿದ್ಧ. ಬೆಳಕು, ಬಣ್ಣ ಹದ ಮಾಡಬಹುದು. ಅದೂ ನೋಡಿದವರಿಗೆ ಸಹಜವಾಗಿ ಕಾಣಬೇಕು. ಕೊಕ್ಕರೆ ಬೆಳ್ಳೂರಿನ ಹಗ್ಗ, ಮನೆ ಇರುವ ಫೋಟೋವನ್ನು ಅಲ್ಲಿಗೆ ಕಳಿಸಿದರೆ ಬೀಳುವ ಸಾಧ್ಯತೆಯೇ ಜಾಸ್ತಿ, ಮನುಷ್ಯರ ಗುರುತು ಅಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಬೇರೆ ವಿಭಾಗ ನೋಡಿ.

ಮೂವತ್ತಾರು ಕ್ಲಿಕ್ಕಿನ ವಾಕ್ ಅಂದ್ರೆ ಏನು?

ವರ್ಷಕ್ಕೆ ಒಂದು ಸಲ ಮಾಡುತ್ತೇವೆ. ಫಿಲ್ಮ್ ಕಾಲದ ಒಂದು ರೋಲಿನಲ್ಲಿ 36 ಫೋಟೋ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡು, ಹಕ್ಕಿಗಳನ್ನು ತೆಗೆದದ್ದು ಅಷ್ಟೇ ಫ್ರೇಮುಗಳ ಲೆಕ್ಕದಲ್ಲಿ. ಅವತ್ತು ಪ್ರತಿಯೊಬ್ಬರಿಗೂ 36 ಕ್ಲಿಕ್ ಮಾತ್ರ. ಡಿಲೀಟ್ ಮಾಡುವ ಹಾಗಿಲ್ಲ, ಹಿಂದಿನ ಪರದೆಗೆ ಕಾಗದ ಅಂಟಿಸಿರುತ್ತೇವೆ. ಮೊದಲ ಅರ್ಧ ಗಂಟೆ ಎಲ್ಲರಿಗೂ ಕೈ ಕಡಿಯುತ್ತದೆ. ಒಬ್ಬರು ಗಡಿಯಾರದ ಕಂಬದ ಹತ್ತಿರವೇ ಎಲ್ಲವನ್ನೂ ಮುಗಿಸಿ, ಉಳಿದ ಎರಡು ಗಂಟೆ ನಮಗೆ ಚಹಾ ತಂದುಕೊಟ್ಟರು. ಇನ್ನೊಬ್ಬರು 31 ಉಳಿಸಿಕೊಂಡು ಮನೆಗೆ ಹೋದರು. ತೆಗೆದ ಐದರಲ್ಲಿ ಮೂರು ಚೆನ್ನಾಗಿದ್ದವು.

ಎಷ್ಟು ವರ್ಷದಿಂದ ಅದೇ ಮಾರ್ಕೆಟ್‌ಗೆ ಹೋಗ್ತೀರಿ. ಬೇಜಾರಾಗಲ್ವಾ? ಎಲ್ಲಾ ಫೋಟೋ ಒಂದೇ ಥರ ಬರಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. 2016ರಲ್ಲಿ ಮಾರ್ಕೆಟ್ಟಿನ ಒಂದು ಭಾಗ ಕುಸಿಯಿತು. ಆಮೇಲೆ ಕೆಡವಿ ಕಟ್ಟಬೇಕೋ, ರಿಪೇರಿ ಮಾಡಬೇಕೋ ಅನ್ನುವ ಚರ್ಚೆ ವರ್ಷಗಟ್ಟಲೆ ನಡೆಯಿತು. ಆಗ ನಾವೆಲ್ಲ ಹಳೇ ಹಾರ್ಡ್‌ಡಿಸ್ಕ್ ತೆಗೆದು ನೋಡಿದೆವು. ಮುಖ, ಹೂವು, ಕುಂಕುಮ ರಾಶಿ ರಾಶಿ ಇತ್ತು. ಕಮಾನು, ಮರದ ತೊಲೆ, ಅಂಗಡಿಯ ಬಾಗಿಲಿನ ಹಲಗೆ ಯಾರೂ ಸರಿಯಾಗಿ ತೆಗೆದಿರಲಿಲ್ಲ. ಅವತ್ತಿನಿಂದ ಪ್ರತಿ ವಾಕ್‌ನಲ್ಲೂ ಇಬ್ಬರಿಗೆ ಒಂದೇ ಕೆಲಸ: ಒಂದು ಸಾಲಿನ ಅಂಗಡಿಗಳನ್ನು ಎದುರಿನಿಂದ, ನೆಟ್ಟಗೆ, ಒಂದಾದ ಮೇಲೊಂದು ತೆಗೆಯುವುದು. ನೋಡಲು ಸಪ್ಪೆ. ಬಹುಮಾನ ಬರುವಂಥದ್ದಲ್ಲ. ಎರಡು ವರ್ಷ ಹಿಂದಿನದು, ಇವತ್ತಿನದು ಪಕ್ಕಪಕ್ಕ ಇಟ್ಟರೆ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂದಿರುತ್ತದೆ, ಗೋಡೆ ಮೇಲೆ ಕ್ಯುಆರ್ ಕೋಡ್ ಅಂಟಿರುತ್ತದೆ, ಅಪ್ಪನ ಜಾಗದಲ್ಲಿ ಮಗ ಕೂತಿರುತ್ತಾನೆ.

ಪ್ರಿಂಟ್ ಕೊಡುವುದೂ ಹಾಗೆ ಶುರುವಾದದ್ದು. 4×6 ಪ್ರಿಂಟಿಗೆ ಒಂದು ಕಾಫಿಯಷ್ಟು ಖರ್ಚು. ಹೂವಿನ ಅಜ್ಜಿ ತಮ್ಮದನ್ನು ಚಾಮುಂಡೇಶ್ವರಿ ಪಟದ ಕೆಳಗೆ ಸಿಕ್ಕಿಸಿಕೊಂಡಿದ್ದರು. ದಿನಾ ಹೂವಿಗೆ ನೀರು ಚಿಮುಕಿಸಿ ಚಿಮುಕಿಸಿ ಅದು ಸುರುಳಿ ಸುತ್ತಿಕೊಂಡಿತ್ತು. ಹೋದ ತಿಂಗಳು ಲ್ಯಾಮಿನೇಟ್ ಮಾಡಿಸಿ ಹೊಸ ಪ್ರಿಂಟ್ ತೆಗೆದುಕೊಂಡು ಹೋದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಕಣ್ಣಡ್ಕ ಇಲ್ವಲ್ಲೋ" ಅಂದರು. ಆಪರೇಷನ್ ಆದ ಮೇಲೆ ಹೊಸ ಕನ್ನಡಕ ಬಂದಿದೆಯಂತೆ. ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಹೂವಿನ ಬುಟ್ಟಿ ಸ್ವಲ್ಪ ಪಕ್ಕಕ್ಕೆ ಸರಿಸಿ ಕೂತರು.

"ಈಗ ತಕ್ಕೋ."